ಜ್ವರದ ರಿಪೋರ್ಟ್‌ನಲ್ಲಿ ಕೆಂಪು ಅಕ್ಷರ ನೋಡಿ ಆಸ್ಪಿರಿನ್ ಕೊಡಬೇಡಿ

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಮಳೆ ಹಿಡಿದರೆ ಮನೆಮನೆಯಲ್ಲೂ ಜ್ವರ. ಕಳೆದ ಜುಲೈನಲ್ಲಿ ನಮ್ಮ ಅಮ್ಮನಿಗೂ ಬಂತು. ವಯಸ್ಸು 71. ಕೆಮ್ಮು, ಮೈಕೈ ನೋವು, ಎರಡು ದಿನ ಬಿಡದೆ 102 ಡಿಗ್ರಿ. ನಾವು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಡಾಕ್ಟರ ಹತ್ತಿರ ಹೋಗುವ ಬದಲು ಮೂರನೇ ದಿನ ಒಂದು ಲ್ಯಾಬ್‌ನ ಫೀವರ್ ಪ್ಯಾಕೇಜ್ ಬುಕ್ ಮಾಡಿದೆವು. ಬೆಳಿಗ್ಗೆ ಏಳಕ್ಕೆ ಹುಡುಗ ಬಂದು ರಕ್ತ ತೆಗೆದುಕೊಂಡು ಹೋದ. ರಾತ್ರಿ ಮೊಬೈಲಿಗೆ ರಿಪೋರ್ಟ್ ಬಂತು. ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್, 1.38 ಲಕ್ಷ, ಸ್ವಲ್ಪ ಕಡಿಮೆ. ಅದರ ಕೆಳಗೆ ಎರಡು ಕೆಂಪು ಸಾಲು: ಎಂಪಿವಿ 12.9, ಡಿ-ಡೈಮರ್ 940. ಥಾಣೆಯಲ್ಲಿರುವ ಭಾವನಿಗೆ ಕಳಿಸಿದೆ. "ಪ್ಲೇಟ್‌ಲೆಟ್ ಆಕ್ಟಿವೇಟ್ ಆಗಿದೆ ಕಣೋ, ರಕ್ತ ಹೆಪ್ಪುಗಟ್ಟುತ್ತೆ. ಅತ್ತೆಗೆ ಇವತ್ತೇ ಆಸ್ಪಿರಿನ್ ಶುರು ಮಾಡು" ಅಂದರು. ಅಮ್ಮ ಮಂಡಿನೋವಿಗೆ ಮೊದಲಿಂದಲೂ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ತಗೊಳ್ತಾಳೆ. ಅದರ ಮೇಲೆ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟೆ. ಮೂರು ರಾತ್ರಿ.

ನಾಲ್ಕನೇ ಬೆಳಿಗ್ಗೆ ಅಮ್ಮ ಗೋಡೆ ಹಿಡಿದುಕೊಂಡು ಟಾಯ್ಲೆಟ್‌ನಿಂದ ಬಂದಳು. ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಆಕ್ಸಿಜನ್ 89. ಎರಡೂ ಮಾತ್ರೆ ಸೇರಿ ಹೊಟ್ಟೆಯೊಳಗೆ ರಕ್ತಸ್ರಾವ, ಹಿಮೋಗ್ಲೋಬಿನ್ 8.1, ಜೊತೆಗೆ ಎಚ್1ಎನ್1 ಫ್ಲೂನಿಂದ ನ್ಯುಮೋನಿಯ.

ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಫ್ಲೂ, ಕೋವಿಡ್ ಜೋರಾದಾಗ ಪ್ಲೇಟ್‌ಲೆಟ್‌ಗಳು ನಿಜಕ್ಕೂ ಕೆರಳುತ್ತವೆ. ಒಳಗಿನ ಕಣಗಳಲ್ಲಿರುವ ಪಿ-ಸೆಲೆಕ್ಟಿನ್ ಅನ್ನೋ ಪ್ರೋಟೀನ್ ಮೇಲೆ ಬಂದು ಬಿಳಿ ರಕ್ತಕಣಗಳಿಗೆ ಅಂಟಿಕೊಳ್ಳುತ್ತೆ. 2020ರಲ್ಲಿ ತೀವ್ರ ಕೋವಿಡ್ ಆದವರ ರಕ್ತದಲ್ಲಿ ಇದನ್ನು ಕಂಡಿದ್ದಾರೆ. ಆದರೆ ಅಂಥ ಪರೀಕ್ಷೆ ನಡೆಯೋದು ಹೆಚ್ಚಾಗಿ ಸಂಶೋಧನೆಯಲ್ಲಿ. ಅಲ್ಲೂ ರಕ್ತವನ್ನು ಬಹಳ ಜೋಪಾನವಾಗಿ, ಬೇಗ ಪರೀಕ್ಷಿಸಬೇಕು. ತೋಳಿಗೆ ಪಟ್ಟಿ ಬಿಗಿಯಾಗಿ ಕಟ್ಟಿ ಬಹಳ ಹೊತ್ತು ಬಿಟ್ಟರೂ, ಟ್ಯೂಬ್ ಕುಲುಕಿದರೂ ಪ್ಲೇಟ್‌ಲೆಟ್ ಕೆರಳಿಬಿಡುತ್ತೆ.

ನಮಗೆ ಬಂದದ್ದು ಎಂಪಿವಿ, ಅಂದರೆ ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ. ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತೆ. ಅದರಲ್ಲಿ ಹೊತ್ತು ಕಳೆದಂತೆ ಪ್ಲೇಟ್‌ಲೆಟ್ ಊದಿಕೊಳ್ಳುತ್ತೆ. ಅಮ್ಮನ ರಿಪೋರ್ಟ್‌ನ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಮಯ ಇದ್ದವು. ರಕ್ತ ತೆಗೆದದ್ದು ಬೆಳಿಗ್ಗೆ 7:10. ಲ್ಯಾಬ್‌ಗೆ ಸೇರಿದ್ದು ಮಧ್ಯಾಹ್ನ 3:40. ಕೆಂಪು ಅಕ್ಷರ ಕಂಡಿತ್ತು, ಇದು ಕಾಣಲಿಲ್ಲ. ಇನ್ನು ಡಿ-ಡೈಮರ್. ಅದು ಹೆಪ್ಪು ಕರಗಿದಾಗ ಉಳಿಯುವ ಚೂರು. ವಯಸ್ಸಾದರೂ ಏರುತ್ತೆ, ಸೋಂಕಿದ್ದರೂ ಏರುತ್ತೆ. ಅದೊಂದನ್ನೇ ಹಿಡಿದು ಮಾತ್ರೆ ಕೊಡೋ ಹಾಗಿಲ್ಲ.

ಆಸ್ಪಿರಿನ್ ಕೊಟ್ಟು ನೋಡಿದ್ದೂ ಆಗಿದೆ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ, ಆಸ್ಪತ್ರೆ ಸೇರಿದ ಸುಮಾರು 15,000 ಕೋವಿಡ್ ರೋಗಿಗಳಲ್ಲಿ ಅರ್ಧ ಜನಕ್ಕೆ ದಿನಕ್ಕೆ 150 ಮಿಲಿಗ್ರಾಂ ಕೊಟ್ಟರು. 2021ರಲ್ಲಿ ಫಲಿತಾಂಶ ಬಂತು. 28 ದಿನದಲ್ಲಿ ತೀರಿಕೊಂಡವರು ಎರಡೂ ಗುಂಪಿನಲ್ಲಿ ಶೇ. 17. ದೊಡ್ಡ ರಕ್ತಸ್ರಾವ ಮಾತ್ರ ಶೇ. 1.0ರಿಂದ 1.6ಕ್ಕೆ ಏರಿತು. ಮುಂಬೈ ಮಳೆಗಾಲದಲ್ಲಿ ಇನ್ನೂ ಒಂದು ಭಯ ಇದೆ. ಜ್ವರ ಡೆಂಗ್ಯೂ ಆಗಿದ್ದರೆ ಆಸ್ಪಿರಿನ್ ಮುಟ್ಟಲೇಬಾರದು. ನಾವು ಕೊಟ್ಟ ದಿನ ಅದು ಯಾವ ಜ್ವರ ಅಂತಲೇ ಗೊತ್ತಿರಲಿಲ್ಲ. ಹೃದಯದ ತೊಂದರೆಗೆ ಡಾಕ್ಟರೇ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಮಾತು ಬೇರೆ. ಅದನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.

"ಇಷ್ಟು ದಿನದಲ್ಲಿ ಯಾರಾದರೂ ಇವರ ಉಸಿರು ಎಣಿಸಿದ್ರಾ?" ಅಂತ ಡಾಕ್ಟರ್ ಕೇಳಿದರು. ನನಗೆ ಉತ್ತರ ಇರಲಿಲ್ಲ. 2021ರಲ್ಲಿ ತಂದ ಆಕ್ಸಿಮೀಟರ್ ಮನೆಯ ಡ್ರಾಯರ್‌ನಲ್ಲೇ ಇತ್ತು. ಆಮೇಲೆ ತೆಗೆದು ನೋಡಿದೆ. ಸೆಲ್ ಸೋರಿ, ಒಳಗೆಲ್ಲ ಬಿಳಿ ಪುಡಿ ಕಟ್ಟಿತ್ತು. ವಯಸ್ಸಾದವರಿಗೆ ಜ್ವರ ಬಂದರೆ ನೋಡಬೇಕಾದ್ದು ಉಸಿರು, ಆಕ್ಸಿಜನ್ ಇವನ್ನೇ. ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ, ಮಾತು ಗೊಂದಲವಾದರೆ ಯಾವ ರಿಪೋರ್ಟಿಗೂ ಕಾಯಬೇಡಿ, ಹೊರಡಿ. ಫ್ಲೂ ಮಾತ್ರೆ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಜಾಸ್ತಿ ಉಪಯೋಗ. ಆ ಹೊತ್ತನ್ನು ನಾವು ಸುಮ್ನೆ ಕಳೆದೆವು.

ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಲ್ಯಾಬ್‌ಗೆ ಫೋನ್ ಮಾಡಿದೆ. "ಸ್ಯಾಂಪಲ್ 24 ಗಂಟೆ ಇಡಬಹುದು" ಅಂದರು. ಪ್ಲೇಟ್‌ಲೆಟ್ ಎಣಿಕೆಗೆ ಸರಿ, ಎಂಪಿವಿಗೂ ಅದೇ ಮಾತಾ ಅಂತ ಕೇಳಿದೆ. ಬರೆದು ಕಳಿಸಿ ಅಂದರು. ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.