ಋತುವಿನ ನಡುವೆ ವಜಾವೋ, ಕೊನೆಯವರೆಗೆ ಅವಕಾಶವೋ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಮುಖ್ಯ ಕೋಚ್‌ ಅವರನ್ನು ತೆಗೆಯಲು ಹೊರಟ ಕ್ರೀಡಾ ನಿರ್ದೇಶಕರು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಂದಿನ ಕ್ರೀಡಾ ನಿರ್ದೇಶಕ ಟ್ರೆವ್ ಆಲ್ಬರ್ಟ್ಸ್ ಅವರು 2022ರ ಸೆಪ್ಟೆಂಬರ್ 11ರಂದು, ತಂಡವು ತವರಿನಲ್ಲೇ ಜಾರ್ಜಿಯಾ ಸದರ್ನ್ ಎದುರು 45–42ರಿಂದ ಸೋತ ಮರುದಿನವೇ, ಮುಖ್ಯ ಕೋಚ್ ಸ್ಕಾಟ್ ಫ್ರಾಸ್ಟ್ ಅವರನ್ನು ವಜಾಗೊಳಿಸಿದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅವರಿಗೆ ಕೊಡಬೇಕಿದ್ದ ಸುಮಾರು 1.5 ಕೋಟಿ ಡಾಲರ್ ಪರಿಹಾರದ ಮೊತ್ತ ಅರ್ಧಕ್ಕಿಳಿಯುತ್ತಿತ್ತು. ದುಬಾರಿಯಾದರೂ, ತಂಡ ಕೋಚ್ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದರೆ ಈ ದಾರಿಯೇ ಸರಿ.

ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) 2021ರ ಅಕ್ಟೋಬರ್‌ನಲ್ಲೇ ತನ್ನ ಮುಖ್ಯ ಕೋಚ್ ಎಡ್ ಓರ್ಜೆರಾನ್ ಅವರ ನಿರ್ಗಮನವನ್ನು ಪ್ರಕಟಿಸಿ, ಋತುವಿನ ಉಳಿದ ಪಂದ್ಯಗಳನ್ನು ಅವರಿಗೇ ಒಪ್ಪಿಸಿತು. ಹೊಸ ಕೋಚ್‌ನ ಹುಡುಕಾಟಕ್ಕೆ ಬಹಿರಂಗವಾಗಿಯೇ ಸಮಯ ಸಿಕ್ಕಿತು, ಕೋಚ್‌ನ ಮರ್ಯಾದೆಯೂ ಉಳಿಯಿತು; ಕೊನೆಯ ಲೀಗ್ ಪಂದ್ಯದಲ್ಲಿ ತಂಡ ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 27–24ರಿಂದ ಗೆದ್ದಿತು. ಆಟಗಾರರೊಂದಿಗೆ ಬಾಂಧವ್ಯ ಕೆಡದಿದ್ದರೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ.