ಮುಚ್ಚಿದ ಗಣಿಯ ನೀರಿಗೆ ಬಹುಮಾಪಕ ಮೀಟರ್ ಸೆಟ್: ಬಾವಿಗೆ ಸರಿ, ತೊರೆಗೆ ಇದೊಂದೇ ಸಾಲದು

ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಓಆರ್‌ಪಿ (ನೀರಿನ ಆಕ್ಸೀಕರಣ ಸಾಮರ್ಥ್ಯದ ಅಳತೆ), ಉಷ್ಣತೆ ಎಲ್ಲವನ್ನೂ ಒಂದೇ ಪ್ರೋಬ್‌ನಲ್ಲಿ ಅಳೆಯುವ ಮೀಟರು, ಜೊತೆಗೊಂದು ಪಾರದರ್ಶಕ ಫ್ಲೋ ಸೆಲ್ (ಪ್ರೋಬ್ ಕೂರಿಸುವ, ನೀರು ಹರಿದುಹೋಗುವ ಮುಚ್ಚಿದ ಪುಟ್ಟ ಡಬ್ಬಿ) ಮತ್ತು ಪೆರಿಸ್ಟಾಲ್ಟಿಕ್ ಪಂಪು (ಮೆದು ಕೊಳವೆಯನ್ನು ಹಿಸುಕಿ ನೀರೆಳೆಯುವ ಪಂಪು). ಗಣಿ ಮುಚ್ಚಿದ ಜಾಗದ ಅಂತರ್ಜಲ ನೋಡಿಕೊಳ್ಳುವವರಿಗೆ ಈ ಸೆಟ್ ಧೈರ್ಯವಾಗಿ ಕೊಳ್ಳಿ ಎನ್ನಬಹುದು. ತೊರೆಗೂ ಇದೇ ಸಾಕು ಎಂದುಕೊಂಡರೆ ಮಾತ್ರ ಅರ್ಧ ಕೆಲಸ ಉಳಿದುಬಿಡುತ್ತದೆ.

ಸೆಟ್‌ನ ಜೀವಾಳ ಫ್ಲೋ ಸೆಲ್. ಬಾವಿಯ ನೀರನ್ನು ಬಕೆಟ್ಟಿಗೆ ಸುರಿದು ಪ್ರೋಬ್ ಅದ್ದಿದರೆ, ಅಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಬದಲಾಗಿರುತ್ತದೆ, ಆಮ್ಲಜನಕ ಸೇರಿಕೊಂಡಿರುತ್ತದೆ. ಸೆಲ್‌ನಲ್ಲಿ ನೀರು ಗಾಳಿ ಕಾಣದೆ ಪ್ರೋಬ್ ಮುಟ್ಟುತ್ತದೆ. ನಿಮಿಷಕ್ಕೆ 100ರಿಂದ 500 ಮಿಲಿಲೀಟರ್‌ನಷ್ಟು ನಿಧಾನವಾಗಿ ಪಂಪ್ ಮಾಡಿ; ಬಾವಿಯ ನೀರಿನ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಇಳಿಯಬಾರದು. 3ರಿಂದ 5 ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಿ. ಸತತ ಮೂರು ಸಲ ಪಿಎಚ್ ±0.1, ವಾಹಕತೆ ±3%, ಓಆರ್‌ಪಿ ±10 ಮಿಲಿವೋಲ್ಟ್ ಒಳಗೆ ನಿಂತರೆ ಪ್ರಯೋಗಾಲಯದ ಮಾದರಿಯ ಬಾಟಲಿ ತುಂಬಬಹುದು. ಆಗ ಸೆಲ್ ಕಳಚಿ, ಪಂಪಿನ ಪೈಪಿನಿಂದಲೇ ನೇರವಾಗಿ ತುಂಬಬೇಕು. ಸೆಲ್‌ನಿಂದ ಹೊರಬರುವ ನೀರು ಹಿಂದಿನ ಬಾವಿಯ ಕೊಳೆಯನ್ನೂ ತಂದಿರಬಹುದು.

ಪಂಪಿಗೊಂದು ಮಿತಿ ಇದೆ. ಇದು ಹೀರುವ ಪಂಪು, ನೀರಿನ ಮಟ್ಟ ಸುಮಾರು 7 ಮೀಟರಿಗಿಂತ ಕೆಳಗಿದ್ದರೆ ನೀರು ಮೇಲೇರುವುದೇ ಇಲ್ಲ. ಅಂಥ ಬಾವಿಗೆ, ಒಳಗೇ ಇಳಿಸಿ ನೀರನ್ನು ಮೇಲಕ್ಕೆ ತಳ್ಳುವ ಬ್ಲ್ಯಾಡರ್ ಪಂಪು ಬೇಕು. ಕೊಳ್ಳುವ ಮುನ್ನ ಮಟ್ಟ ಅಳೆದುಕೊಳ್ಳಿ.

ಪಿಎಚ್ ಸೆನ್ಸರ್ ಬಗ್ಗೆ ಎಚ್ಚರ ಹೆಚ್ಚಿರಲಿ. ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟಿದ ಜಾಗದಲ್ಲಿ ಪಿಎಚ್ 3ಕ್ಕೂ ಇಳಿಯುತ್ತದೆ. 4 ಮತ್ತು 7ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮಾತ್ರ ಬಳಸಿ ಕ್ಯಾಲಿಬ್ರೇಟ್ ಮಾಡಿದರೆ ಆ ಅಂಕಿ ವ್ಯಾಪ್ತಿಯ ಹೊರಗೆ ಬೀಳುತ್ತದೆ, 2ರ ಸುತ್ತಲಿನ ಬಫರ್ ಒಂದನ್ನು ಬೇರೆಯಾಗಿ ತರಿಸಿಕೊಳ್ಳಿ. ಕಬ್ಬಿಣ ತುಂಬಿದ ನೀರಿನಲ್ಲಿ ಕೆಲ ಹೊತ್ತಿಗೇ ಗಾಜಿನ ಬಲ್ಬಿನ ಮೇಲೆ ಕಿತ್ತಳೆ ಬಣ್ಣದ ಪೊರೆ ಕಟ್ಟುತ್ತದೆ. ಅಂಕಿ ನಿಧಾನವಾಗಿ ಜಾರತೊಡಗಿದರೆ ಅನುಮಾನ ಅದರ ಮೇಲಿರಲಿ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲ ನಿಮಿಷ ಅದ್ದಿ, ತೊಳೆದು, ಮತ್ತೆ ಕ್ಯಾಲಿಬ್ರೇಟ್ ಮಾಡಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾತ್ರ ಇಡಬೇಡಿ, ಸೆನ್ಸರ್ ಹಾಳಾಗುತ್ತದೆ.

ಆದರೂ ನಮ್ಮ ಮೆಚ್ಚುಗೆ ಹೆಚ್ಚು ಸಲ್ಲುವುದು ವಾಹಕತೆಯ ಅಂಕಿಗೆ. ಸುಣ್ಣಕಲ್ಲಿನಂಥ ಬಂಡೆ ಆಮ್ಲವನ್ನು ನುಂಗುವ ಕಡೆ ಪಿಎಚ್ 7ರಲ್ಲೇ ನಿಂತಿರುತ್ತದೆ, ಗಂಧಕಾಮ್ಲದಿಂದ ನೀರಿಗೆ ಸೇರುವ ಸಲ್ಫೇಟ್ ಮಾತ್ರ ಸದ್ದಿಲ್ಲದೆ ಏರುತ್ತಿರುತ್ತದೆ. ಅದರ ಮೊದಲ ಸುಳಿವು ಸಿಗುವುದು ವಾಹಕತೆಯಲ್ಲಿ. ಪಿಎಚ್ ಚೆನ್ನಾಗಿದೆ ಎಂದು ಆ ಬಾವಿಯನ್ನು ಪಟ್ಟಿಯಿಂದ ಕೈಬಿಡಬೇಡಿ.

ಲೋಹಗಳನ್ನು ಈ ಮೀಟರು ಅಳೆಯುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ನೀರಿನಲ್ಲಿ ಕರಗಿದ ಲೋಹದ ಪರೀಕ್ಷೆಗೆ ಕಳಿಸುವ ಬಾಟಲಿಗೆ ಮೊದಲು 0.45 ಮೈಕ್ರಾನ್ ಫಿಲ್ಟರ್, ಆಮೇಲೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ. ಹಿಂದುಮುಂದಾದರೆ ಕೆಸರಿನ ಕಣದಲ್ಲಿದ್ದ ಲೋಹವೂ ಕರಗಿ, ಇಲ್ಲದ ಮಾಲಿನ್ಯ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಲ್ಫೇಟ್ ಬಾಟಲಿಗೆ ಆಮ್ಲ ಬೇಡ, ತಂಪಾಗಿಟ್ಟು 28 ದಿನದೊಳಗೆ ಪರೀಕ್ಷೆ ಮಾಡಿಸಿ.

ಇನ್ನು ತೊರೆ. ಇಲ್ಲಿ ಈ ಸೆಟ್‌ಗೆ ಜೊತೆಯಾಗಿ ಹರಿವು ಅಳೆಯಲು 90 ಡಿಗ್ರಿಯ ವಿ-ನಾಚ್ ಕಟ್ಟೆ (ವಿ ಆಕಾರದ ಕಚ್ಚಿನಿಂದ ನೀರು ಹರಿಯುವ ಅಡ್ಡಗೋಡೆ) ಬೇಕೇ ಬೇಕು. ನಾಚ್‌ನ ತುದಿಯಿಂದ ನೀರು 10 ಸೆಂ.ಮೀ. ಎತ್ತರ ನಿಂತರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್. ಅದರಲ್ಲಿ ಲೀಟರಿಗೆ 50 ಮಿಲಿಗ್ರಾಂ ಕಬ್ಬಿಣವಿದ್ದರೆ ದಿನಕ್ಕೆ 19 ಕೆ.ಜಿ. ಕೆಳಗೆ ಸಾಗುತ್ತಿದೆ ಎಂದರ್ಥ. ಜೋರು ಮಳೆಯಲ್ಲಿ ಕಬ್ಬಿಣದ ಸಾಂದ್ರತೆ ಇಳಿದರೂ ಹರಿವು ಹೆಚ್ಚಿ ಒಟ್ಟು ಹೊರೆ ಏರಬಹುದು. ಹರಿವು ಅಳೆಯದೆ ಸಾಂದ್ರತೆಯೊಂದನ್ನೇ ನಂಬಿದವರಿಗೆ ಅದು ಸುಧಾರಣೆಯಂತೆ ಕಾಣುತ್ತದೆ. ಒಣ ದಿನಗಳಲ್ಲಿ ತ್ಯಾಜ್ಯದ ಗುಡ್ಡೆಯ ಮೇಲೆ ಕಟ್ಟಿದ ಬಿಳಿ, ಹಳದಿ ಉಪ್ಪಿನ ಪದರ ಮೊದಲ ಮಳೆಗೇ ಕರಗಿ ಬರುವುದರಿಂದ, ಆ ದಿನದ ಮಾದರಿಯನ್ನು ತಪ್ಪಿಸಬೇಡಿ. ನೀರಿನ ಎತ್ತರವನ್ನು ಕಟ್ಟೆಯ ಅಂಚಿನಲ್ಲಿ ಅಳೆಯದೆ, ಆ ಎತ್ತರದ ನಾಲ್ಕು ಪಟ್ಟಾದರೂ ಹಿಂದಕ್ಕೆ, ನೀರು ಬರುವ ಕಡೆಗೆ ಸರಿದು ಅಳೆಯಿರಿ. ನಾಚ್‌ಗೆ ಸಿಕ್ಕಿಕೊಂಡ ಎಲೆ, ಕಡ್ಡಿಗಳನ್ನು ಅದಕ್ಕೂ ಮೊದಲೇ ತೆಗೆದು, ನೀರಿನ ಮಟ್ಟ ಸ್ಥಿರವಾಗುವವರೆಗೆ ಕಾಯಿರಿ.