ಗುರುತ್ವ ಮಸೂರ: ವಿಎಲ್‌ಎ ಬೇಕೋ, ವಿಎಲ್‌ಬಿಎ ಬೇಕೋ?

ದೂರದ ಆಕರದ ಬೆಳಕನ್ನು ತನ್ನ ಗುರುತ್ವದಿಂದ ಬಾಗಿಸಿ ಹಲವು ಬಿಂಬ ಮೂಡಿಸುವ ಗ್ಯಾಲಕ್ಸಿಯಂಥ ಕಾಯವೇ ಗುರುತ್ವ ಮಸೂರ. ಹೊಸ ಮಸೂರ ಹುಡುಕುವುದಾದರೆ ವಿಎಲ್‌ಎ (ವೆರಿ ಲಾರ್ಜ್ ಅರೇ) ಎಂಬ ರೇಡಿಯೊ ದೂರದರ್ಶಕ ಜಾಲದಲ್ಲಿ ವೀಕ್ಷಣೆಗೆ ಅರ್ಜಿ ಹಾಕಿ. ನ್ಯೂ ಮೆಕ್ಸಿಕೋದ ಈ 27 ಆಂಟೆನಾಗಳು 36 ಕಿ.ಮೀ.ವರೆಗೆ ಹರಡಿಕೊಂಡಾಗ, 8.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 0.2 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಭಾಗ) ಅಂತರವನ್ನೂ ಬೇರ್ಪಡಿಸಿ ತೋರಿಸುತ್ತವೆ. ಗ್ಯಾಲಕ್ಸಿಯೊಂದು ಮೂಡಿಸುವ ಬಿಂಬಗಳ ನಡುವೆ ಸಾಮಾನ್ಯವಾಗಿ ಒಂದು ಆರ್ಕ್‌ಸೆಕೆಂಡ್ ಆಸುಪಾಸಿನ ಅಂತರವಿರುವುದರಿಂದ ಅಷ್ಟು ಸಾಕು. ಒಂದೊಂದು ಆಕರಕ್ಕೆ ಕೆಲವೇ ನಿಮಿಷ ಕೊಟ್ಟು ಸಾವಿರಾರನ್ನು ಜಾಲಾಡಬಹುದು. ರೇಡಿಯೊ ಆಕರಗಳಲ್ಲಿ ಮಸೂರ ಹುಡುಕಿದ ಕ್ಲಾಸ್ ಸಮೀಕ್ಷೆ ನಡೆದದ್ದೇ ಹೀಗೆ. ಅದರಲ್ಲಿ ಸಿಕ್ಕ ಮಸೂರಗಳು 22.

ಆದರೆ ಎರಡು ಚುಕ್ಕೆ ಕಂಡ ಮಾತ್ರಕ್ಕೆ ಮಸೂರವೆನ್ನುವಂತಿಲ್ಲ. ಅದು ಒಂದೇ ಕ್ವೇಸಾರ್‌ನ (ದೂರದ ಗ್ಯಾಲಕ್ಸಿಯ ಅತಿ ಪ್ರಖರ ಕೇಂದ್ರ) ತಿರುಳು ಮತ್ತು ಅದರಿಂದ ಚಿಮ್ಮುವ ಜೆಟ್ ಆಗಿರಬಹುದು. ಇಲ್ಲಿ ಇನ್ನೂ ದೂರ ಹರಡಿದ ರೇಡಿಯೊ ಜಾಲ ವಿಎಲ್‌ಬಿಎ (ವೆರಿ ಲಾಂಗ್ ಬೇಸ್‌ಲೈನ್ ಅರೇ) ಬೇಕೇ ಬೇಕು. ಹವಾಯಿಯಿಂದ ವರ್ಜಿನ್ ದ್ವೀಪಗಳವರೆಗಿನ ಅದರ 10 ಆಂಟೆನಾಗಳು ಮಿಲಿ ಆರ್ಕ್‌ಸೆಕೆಂಡ್ ಮಟ್ಟದ ವಿವರ ಕೊಡುತ್ತವೆ. ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು: ಮಸೂರವು ಬಿಂಬವನ್ನು ಹಿಗ್ಗಿಸುತ್ತದೆ, ಮೇಲ್ಮೈ ಪ್ರಖರತೆಯನ್ನು, ಅಂದರೆ ಬಿಂಬದ ಪ್ರತಿ ತುಣುಕಿನ ಹೊಳಪನ್ನು, ಬದಲಿಸುವುದಿಲ್ಲ. ಹಾಗಾಗಿ ಹೆಚ್ಚು ಬೆಳಗುವ ಬಿಂಬವೇ ದೊಡ್ಡದಾಗಿಯೂ ಕಾಣಬೇಕು. ಮಂಕಾದದ್ದೇ ಹೆಚ್ಚು ಹರಡಿಕೊಂಡಿದ್ದರೆ ಆ ಅಭ್ಯರ್ಥಿಯನ್ನು ಬಹುಮಟ್ಟಿಗೆ ಕೈಬಿಡಬಹುದು.

ವಿಎಲ್‌ಬಿಎಯಿಂದಲೇ ಹುಡುಕಾಟ ಶುರುಮಾಡಬೇಡಿ. ಒಮ್ಮೆಗೆ ಅದು ಚಿತ್ರಿಸುವ ಆಕಾಶದ ತುಣುಕು ತೀರಾ ಸಣ್ಣದು. ಹರಡಿಕೊಂಡ ಮಂದ ಹೊಳಪು ಅದಕ್ಕೆ ಕಾಣುವುದೂ ಇಲ್ಲ. 1988ರಲ್ಲಿ ವರದಿಯಾದ ಮೊದಲ ಐನ್‌ಸ್ಟೈನ್ ಉಂಗುರ (ಬಿಂಬವೇ ಉಂಗುರದಂತೆ ಹರಡಿದ ಮಸೂರ) ಎಂಜಿ1131+0456 ಸಿಕ್ಕಿದ್ದೂ ವಿಎಲ್‌ಎಯಲ್ಲೇ.

ದೂಳು ತುಂಬಿದ ದೂರದ ಗ್ಯಾಲಕ್ಸಿಗಳ ಬೆನ್ನು ಹತ್ತಿದ್ದರೆ ಇವೆರಡನ್ನೂ ಬಿಟ್ಟು ಚಿಲಿಯ ಆಲ್ಮಾ ದೂರದರ್ಶಕ ಜಾಲವನ್ನು ನೋಡಿ. ಎಸ್‌ಡಿಪಿ.81 ಎಂಬ ಅಂಥದ್ದೇ ಗ್ಯಾಲಕ್ಸಿಯ ಉಂಗುರವನ್ನು ಅದು 2014ರಲ್ಲಿ ಸೆರೆಹಿಡಿದ ಬಗೆ ಕಂಡರೆ ಬೇರೆ ವಾದ ಬೇಡ.